ಚೌಕ ಕಂಸದೊಳಗಿನ ‘ಹಾ’

ಕಲ್ಲು ಸುಳ್ಳು ಹೇಳುವುದಿಲ್ಲ ಎಂಬುದು ಶಾಸನ ಓದುವವರೆಲ್ಲ ಬಹಳ ಗಾಂಭೀರ್ಯದಿಂದ ನಂಬಿಕೊಂಡು ಬಂದಿರುವ ಮಾತು. ಕಲ್ಲಿಗೆ ಆ ತೊಂದರೆ ತೆಗೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ, ಓದುವುದಕ್ಕೆ ನಾವಿದ್ದೇವಲ್ಲ.

ನನ್ನದು ಶಾಸನಗಳ ಪಡಿಯಚ್ಚು ತೆಗೆಯುವ ಕೆಲಸ. ಕಲ್ಲಿನ ಮೇಲೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ, ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಂಡು ಬರುವುದು. ನಿವೃತ್ತನಾದ ಮೇಲೆ ಸಾಗರದಲ್ಲಿದ್ದೇನೆ. ಹಳೆಯ ಗುಡಿಗಳನ್ನು ನೋಡಬೇಕೆನ್ನುವವರು ಸಿಕ್ಕರೆ ಒಂದು ದಿನ ಜೊತೆಗೆ ಹೋಗಿ ಬರುತ್ತೇನೆ. ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೂ ಕನ್ನಡಕ ಮೂಗಿನ ತುದಿಗಿಳಿಸಿ ಕಲ್ಲು ನೋಡುವವನನ್ನು ನಮ್ಮ ಕಡೆ ಮೇಷ್ಟ್ರು ಎಂದು ಕರೆಯುತ್ತಾರೆ. ಶಾಸನದ ವಿಷಯದಲ್ಲಿ ಅಲ್ಪಸ್ವಲ್ಪ ತಪ್ಪನ್ನೂ ಸಹಿಸದ ನಾನು ಈ ತಪ್ಪನ್ನು ಮಾತ್ರ ಯಾವತ್ತೂ ತಿದ್ದಿಲ್ಲ.

ಇಪ್ಪತ್ತು ವರ್ಷದ ಹಿಂದೆ ಹೊಸನಗರ ತಾಲ್ಲೂಕಿನಲ್ಲಿ, ರಿಪ್ಪನ್‌ಪೇಟೆಯಿಂದ ಒಂದಿಷ್ಟು ಒಳಗೆ, ಗದ್ದೆಯಂಚಿನ ಒಂದು ಕಲ್ಲನ್ನು ಓದಿದ್ದೆ. ಅದು ಸೊಂಟದ ತನಕ ಮಣ್ಣಿನಲ್ಲಿ ಹೂತಿತ್ತು. ಹೊರಗೆ ಕಂಡದ್ದು ಐದು ಸಾಲು. ಐದನೆಯ ಸಾಲಿನ ಕೊನೆಯಲ್ಲಿ ‘ಬುದ್ಧವಿ’ ಎಂದಿತ್ತು, ಅದರ ಮುಂದೆ ಚಕ್ಕೆ ಎದ್ದ ಜಾಗ, ಆಮೇಲೆ ‘ರ’. ಅಳಿದುಹೋದ ಅಕ್ಷರವನ್ನು ಊಹಿಸಿ ತುಂಬಿದರೆ ಅದನ್ನು ಚೌಕ ಕಂಸದೊಳಗೆ ಹಾಕಬೇಕೆಂಬುದು ನಮ್ಮವರ ನಿಯಮ. ನಿಯಮಕ್ಕೆ ಚ್ಯುತಿ ಬಾರದಂತೆ ನಾನು ‘ಬುದ್ಧವಿ[ಹಾ]ರ’ ಎಂದು ಬರೆದೆ. ಬಳ್ಳಿಗಾವೆಯಲ್ಲಿ ಬೌದ್ಧರ ವಿಹಾರವಿತ್ತೆಂದು ಅಲ್ಲಿಯ ಶಾಸನಗಳೇ ಹೇಳುತ್ತವೆ. ಅಲ್ಲಿದ್ದದ್ದು ಇಲ್ಲೇಕೆ ಇರಬಾರದು ಎಂದುಕೊಂಡೆ. ನಾಲ್ಕನೆಯ ಸಾಲಿನಲ್ಲಿ ‘ಶುದ್ಧ’ ಎಂಬ ಪದವೂ ಇತ್ತು. ಅದನ್ನು ಬುದ್ಧನಿಗೆ ವಿಶೇಷಣವಾಗಿ ಜೋಡಿಸಿದೆ. ಆಗಿನ ಗದ್ದೆಯ ಯಜಮಾನರು, ಮುದುಕರು, “ಅದು ಬುದಾರದ ಕಲ್ಲು ಮಾರಾಯ್ರೆ” ಎಂದಿದ್ದರು. ನನಗೆ ಮೈ ಜುಮ್ಮೆಂದಿತು. ಬುದ್ಧವಿಹಾರ, ಬುದ್ಧಾರ, ಬುದಾರ! ಮೂರೇ ಹೆಜ್ಜೆಯಲ್ಲಿ ಎಂಟು ನೂರು ವರ್ಷ ದಾಟಿಬಿಟ್ಟಿದ್ದೆ. ಈ ಸಂಗತಿಯನ್ನು ಒಂದು ಸ್ಮರಣ ಸಂಚಿಕೆಯಲ್ಲಿ ನಾಲ್ಕು ಪುಟ ಬರೆದೆ.

ಆ ಲೇಖನವನ್ನು ನಾನಲ್ಲದೆ ಕರಡು ತಿದ್ದಿದವನು ಓದಿರಬಹುದು. ಅವನು ಓದಿದ್ದನೆಂಬುದಕ್ಕೆ ಮುದ್ರಿತ ಪುಟಗಳಲ್ಲಿ ಯಾವ ಪುರಾವೆಯೂ ಇಲ್ಲ. ಹೀಗಿರುವಾಗ ಹೋದ ಚಳಿಗಾಲದಲ್ಲಿ ಕಲಬುರಗಿಯಿಂದ ಒಬ್ಬ ಮಹಿಳೆ ಫೋನ್ ಮಾಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಜೊತೆಯವರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಲೇಖನದ ಪುಟಗಳ ಫೋಟೊ ಅವರಿಗೆ ವಾಟ್ಸಾಪಿನಲ್ಲಿ ಬಂದಿತ್ತು.

“ನಾವು ಬೌದ್ಧರಿದ್ದೀವ್ರಿ ಸರ, ಹನ್ನೊಂದು ಮಂದಿ ಬರ್ತೀವಿ. ಆ ವಿಹಾರದ ಕಲ್ಲು ತೋರಿಸ್ರಿ. ಹಂಗೇ ಅದರ ಮಸಿ ಕಾಗದಾನೂ ಒಂದು ತೆಗೆದುಕೊಡ್ರಿ, ನಮ್ಮ ಸಭಾಭವನದಾಗ ಹಾಕ್ತೀವಿ. ಒಂದು ಬೋಧಿ ಗಿಡ ತರ್ತೀನಿ. ಅಲ್ಲಿ ಹಚ್ಚಾಕ ಬರ್ತದೇನು ಕೇಳ್ರಿ.”

ಗದ್ದೆ ಈಗ ಆ ಮುದುಕರ ಸೊಸೆಯ ಸುಪರ್ದಿನಲ್ಲಿತ್ತು. ಅವರಿಗೆ ಫೋನ್ ಮಾಡಿದೆ. “ಬೋಧಿ ಗಿಡನಾ? ಎಂತ ಗಿಡನೋ ನಂಗೆ ಗೊತ್ತಿಲ್ಲ. ನೆಡ್ಲಿ ಬಿಡಿ” ಎಂದರು. “ಹಾಂ, ಪೈಪ್‌ಲೈನ್ ಅಗೆಯುವಾಗ ನಿಮ್ಮ ಕಲ್ಲು ವಾಲಿತ್ತು ಮೇಷ್ಟ್ರೆ. ಪೂರ್ತಿ ಎತ್ತಿ, ಕಟ್ಟೆ ಕಟ್ಟಿ ನಿಲ್ಸಿದ್ದೀವಿ. ಈಗ ಚೆಂದ ಕಾಣ್ತದೆ.”

ಚೆಂದ ಕಾಣುತ್ತದೆ ಎಂದರೆ ಮಣ್ಣಿನೊಳಗಿದ್ದ ಸಾಲುಗಳೂ ಕಾಣುತ್ತವೆ ಎಂದು ಅರ್ಥ. ಅವು ನನ್ನ ವಿಹಾರಕ್ಕೆ ಇನ್ನೆರಡು ಕಂಬ ಕೊಟ್ಟಾವು ಎಂದು ಹಿಗ್ಗಿದೆ.

ಒಂದು ಸೋಮವಾರ ಬೆಳಿಗ್ಗೆ ಸಾಗರದ ಬಸ್ ನಿಲ್ದಾಣದಲ್ಲಿ ಹನ್ನೊಂದು ಮಂದಿ ಇಳಿದರು. ಸಿಸ್ಟರ್ ಕೊನೆಯಲ್ಲಿ ಇಳಿದರು, ಎರಡೂ ಕೈಯಲ್ಲಿ ಒಂದು ಕುಂಡ ಹಿಡಿದುಕೊಂಡು. ಗೇಣುದ್ದದ ಗಿಡ, ಐದೋ ಆರೋ ಎಲೆ. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ. ಇನ್ನೊಬ್ಬರ ಕೈಯಲ್ಲಿ ಪೇಪರ್ ಸುತ್ತಿದ ತಗಡಿನ ಬೋರ್ಡು. ಪೇಪರಿನ ಹರಕಿನಲ್ಲಿ ‘ಪ್ರಾಚೀನ ಬುದ್ಧವಿಹಾರದ ನೆಲೆ’ ಎಂದು ನೀಲಿ ಅಕ್ಷರ ಕಾಣುತ್ತಿತ್ತು. ಅಲ್ಲಿ ಚೌಕ ಕಂಸ ಇರಲಿಲ್ಲ. ಬಣ್ಣ ಬಳಿಯುವವನಿಗೆ ಅದು ಕೊಳೆಯಂತೆ ಕಂಡಿರಬೇಕು.

ರಿಪ್ಪನ್‌ಪೇಟೆಯ ನನ್ನ ಪರಿಚಯದ ಡ್ರೈವರ್ ಟಿಟಿ ಗಾಡಿ ತಂದಿದ್ದ. ಮೊದಲು ಇಕ್ಕೇರಿಗೆ ಹೋದೆವು. ಅಘೋರೇಶ್ವರ ದೇವಸ್ಥಾನದಲ್ಲಿ ಗರ್ಭಗುಡಿಯ ಎದುರು ನೆಲದ ಮೇಲೆ ಮೂವರು ಕೆಳದಿ ಅರಸರ ಅಡ್ಡಬಿದ್ದ ರೂಪಗಳನ್ನು ಕೆತ್ತಿದ್ದಾರೆ. ಭಕ್ತರ ಪಾದ ತಮ್ಮ ಮೇಲೆ ಬೀಳಲಿ ಎಂಬ ವಿನಯ ಎಂದು ವಿವರಿಸಿದೆ.

ಸಿಸ್ಟರ್ ಬಗ್ಗಿ ನೋಡಿ, ಸೆರಗು ಎತ್ತಿ ಹಿಡಿದು, ಬದಿಯಿಂದ ಸುತ್ತಿ ಹೋದರು. “ಅವರ ವಿನಯ ಅವರದು. ಮಲಗಿದವರನ್ನ ದಾಟೂದು ನಮ್ಮ ಕೆಲಸದಾಗ ಇಲ್ರಿ.”

ಗಾಡಿಯಲ್ಲಿ ನನ್ನ ಪಕ್ಕ ಕೂತಾಗ, ಇಷ್ಟು ದೂರ ಬರುವ ಪ್ರಯಾಸ ಏಕೆ ಎಂದು ಕೇಳಿದೆ. ಅವರು ಕುಂಡದ ಮಣ್ಣನ್ನು ಬೆರಳಿನಿಂದ ಒತ್ತುತ್ತಾ ಹೇಳಿದರು: “ನಮ್ಮ ಊರಾಗ ಮಂದಿ ಅಂತಾರ, ನಿಮ್ಮದು ಮೊನ್ನೆ ಬಂದ ಧರ್ಮ ಅಂತ. ನಿಮ್ಮಪ್ಪ ತಂದದ್ದು, ನಿಮ್ಮಜ್ಜಗ ಗೊತ್ತಿರ್ಲಿಲ್ಲ ಅಂತ. ಇದೇ ಕನ್ನಡ ನೆಲದಾಗ, ಕನ್ನಡದಾಗ ಕೆತ್ತಿದ್ದು ಒಂದು ಕಲ್ಲು ಇದ್ರ ಸಾಕ್ರಿ ಸರ. ವರ್ಷಕ್ಕೊಮ್ಮೆ ಬಂದು ಕೈಮುಗಿದು ಹೋಗ್ತೀವಿ.”

ನಾನು ಬಹಳ ಘನತೆಯಿಂದ ತಲೆಯಾಡಿಸಿದೆ. ಆ ಕಲ್ಲನ್ನು ನಾನೇ ಮಾಡಿಸಿಕೊಟ್ಟೆನೇನೋ ಎಂಬಂತೆ.

ಗದ್ದೆಯ ಹತ್ತಿರ ಇಳಿದಾಗ ಹನ್ನೊಂದು ಗಂಟೆ. ಅಮ್ಮ, ಅಂದರೆ ಗದ್ದೆಯ ಒಡತಿ, ಅರವತ್ತರ ಹತ್ತಿರದವರು, ಬೆಲ್ಲ ನೀರು ಹಿಡಿದು ಕಾದಿದ್ದರು. ಎಲ್ಲರಿಗೂ ಕೊಟ್ಟಾದ ಮೇಲೆ ಅವರ ಕಣ್ಣು ಕುಂಡದ ಮೇಲೆ ಬಿತ್ತು.

“ಇದು ಅಶ್ವತ್ಥ ಅಲ್ವನ್ರೀ ಮೇಷ್ಟ್ರೆ?”

“ಹೌದು, ಅವರು ಬೋಧಿ ಅಂತಾರೆ.”

“ನೀವು ಹೇಳೋದಲ್ವಾ ಮಾರಾಯ್ರೆ! ನಾ ಎಂತದೋ ಹೂವಿನ ಗಿಡ ಅಂದ್ಕೊಂಡಿದ್ದೆ. ಗದ್ದೆ ಅಂಚಲ್ಲಿ ಅಶ್ವತ್ಥ ಹಾಕಿದ್ರೆ ಬೇರು ಎಲ್ಲಿಗೆ ಹೋಗ್ತದೆ ಗೊತ್ತಾ?”

ಆ ವಿಷಯ ಆಮೇಲೆ ನೋಡೋಣ, ಮೊದಲು ಪಡಿಯಚ್ಚು ಆಗಲಿ ಎಂದು ನಾನು ಮಾತು ತಪ್ಪಿಸಿದೆ. ಜೊತೆಯ ಹಿರಿಯರೊಬ್ಬರು ಕಲ್ಲಿನಿಂದ ಎರಡು ಮಾರು ದೂರದಲ್ಲಿ ಬೋರ್ಡಿನ ಕಂಬಕ್ಕೆ ಹಾರೆಯಿಂದ ಕುಳಿ ತೋಡತೊಡಗಿದರು.

ಪಡಿಯಚ್ಚಿನ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಮೊದಲು ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜಿ ಪಾಚಿ, ಹಾವಸೆ ತೆಗೆಯಬೇಕು. ತಂತಿ ಬ್ರಷ್ ಮುಟ್ಟಿಸಬಾರದು, ಅಕ್ಷರದ ಅಂಚು ಹೋಗುತ್ತದೆ. ಮೂರು ಕೊಡ ನೀರು ಹಿಡಿಯಿತು. ಕಾಗದ ನೆನೆಸಿ ಕಲ್ಲಿಗೆ ಹೊದಿಸಿದೆ. ನಡುವಿನಿಂದ ಅಂಚಿನ ಕಡೆಗೆ ಗಾಳಿಗುಳ್ಳೆ ಒತ್ತಿ ತೆಗೆದು, ಬ್ರಷ್ಷಿನಿಂದ ಬಡಿಯತೊಡಗಿದೆ. ಬಡಿದಂತೆ ಕಾಗದ ಅಕ್ಷರದ ಗುಂಡಿಗಳೊಳಗೆ ಇಳಿಯಬೇಕು. ಐದನೆಯ ಸಾಲಿಗೆ ಬಂದಾಗ, ಚಕ್ಕೆ ಎದ್ದ ಜಾಗದ ಚೂಪು ಅಂಚಿಗೆ ಸಿಕ್ಕಿ ಕಾಗದ ಪರ್ರನೆ ಹರಿಯಿತು.

“ಶುರು ಆಯ್ತು” ಎಂದ ಡ್ರೈವರ್.

ತಂದದ್ದು ಮೂರೇ ಹಾಳೆ. ಎರಡನೆಯದನ್ನು ಹಾಕಿದೆ. ಅಷ್ಟರಲ್ಲಿ ಬಿಸಿಲು ನೇರ ಕಲ್ಲಿನ ಮೇಲೆ ಬಂತು. ಬಡಿದು ಮುಗಿಯುವ ಮೊದಲೇ ಮೇಲಿನ ಮೂಲೆ ಒಣಗಿ ಕಲ್ಲು ಬಿಟ್ಟು ಎದ್ದಿತು. ಎದ್ದ ಕಾಗದವನ್ನು ಮತ್ತೆ ಕೂರಿಸಿದರೆ ಅಕ್ಷರ ಜೋಡಿಯಾಗುತ್ತದೆ. ಅದೂ ಕೆಟ್ಟಿತು.

ಸಿಸ್ಟರ್ ಇಷ್ಟು ಹೊತ್ತು ಕೈಕಟ್ಟಿ ನೋಡುತ್ತಿದ್ದರು. “ಸುಟ್ಟ ಗಾಯಕ್ಕ ಪಟ್ಟಿ ಹಾಕಿದ್ಹಂಗ ಅದ ಇದು. ಒಣಗಾಕ ಬಿಡಬಾರ್ದು, ತೊಯ್ಯಿಸಾಕೂ ಬಾರ್ದು. ಏ, ಶಾಲು ತರ್ರಿ!” ಎಂದರು. ಅವರೂ ಸೇರಿ ನಾಲ್ವರು ಹೆಂಗಸರು ಎರಡು ಶಾಲುಗಳನ್ನು ಕಲ್ಲಿನ ಮೇಲೆ ಚಪ್ಪರದಂತೆ ಹಿಡಿದು ನಿಂತರು. ಆ ನೆರಳಿನಲ್ಲಿ ಮೂರನೆಯ ಹಾಳೆ ಹಾಕಿದೆ. ಚಕ್ಕೆಯ ಅಂಚಿಗೆ ಮೊದಲೇ ಒಂದು ಚೂರು ಕಾಗದದ ಮೆತ್ತೆ ಕೊಟ್ಟೆ. ಈ ಸಲ ಕಾಗದ ಮಾತು ಕೇಳಿತು.

ಅರೆ ಒಣಗಿದ ಮೇಲೆ ಮಸಿ. ಬಟ್ಟೆಯಲ್ಲಿ ಹತ್ತಿ ತುಂಬಿ ಕಟ್ಟಿದ ಗುಬುಟೆಗೆ ಮಸಿ ತಾಗಿಸಿ, ತಟ್ಟೆಯಲ್ಲಿ ನಾಲ್ಕು ಸಲ ಒತ್ತಿ ಹೆಚ್ಚಿನದನ್ನು ಕಳೆದು, ಹಗುರಾಗಿ ಕಾಗದಕ್ಕೆ ತಟ್ಟಬೇಕು. ಉಬ್ಬಿದ ಜಾಗ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮೊದಲ ಸಾಲು, ಎರಡನೆಯದು, ಹೀಗೆ ಇಳಿಯುತ್ತಾ ಐದಕ್ಕೆ ಬಂದೆ.

‘ವಿ’ ಎಂದು ನಾನು ಓದಿದ್ದ ಅಕ್ಷರದ ತಲೆಯ ಮೇಲೆ ಗುಡಿಸು ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ದುಂಡಗೆ ಕಂಡದ್ದು ಹಾವಸೆ. ಈಗಷ್ಟೇ ನಾರಿನಿಂದ ಉಜ್ಜಿ ತೆಗೆದಿದ್ದೆ. ಗುಡಿಸಿನ ಬದಲು ಬಲಕ್ಕೆ ಒಂದು ದೀರ್ಘ ಇತ್ತು. ಅದು ‘ವಾ’. ಚಕ್ಕೆ ಎದ್ದ ಜಾಗದಲ್ಲಿ ಯಾವ ಅಕ್ಷರದ ಬುಡವೂ ಇಲ್ಲ, ತುದಿಯೂ ಇಲ್ಲ. ಕೆತ್ತಿದವನಿಗೆ ಆ ಚಕ್ಕೆ ಆಗಲೇ ಅಡ್ಡ ಬಂದಿತ್ತು. ಅವನು ಅದನ್ನು ದಾಟಿ ‘ರ’ ಕೆತ್ತಿದ್ದ. ಬುದ್ಧಿವಂತ. ನಾನು ದಾಟಲಾರದೆ ಅದರೊಳಗೆ ಒಂದು ‘ಹಾ’ ಹಾಕಿದ್ದೆ.

ಮಣ್ಣಿನಿಂದ ಮೇಲೆ ಬಂದ ಆರನೆಯ ಸಾಲಿಗೆ ಗುಬುಟೆ ತಟ್ಟಿದೆ. ಅದು ‘ದಂದು’ ಎಂದು ಶುರುವಾಗುತ್ತಿತ್ತು.

ಬುದ್ಧವಾರದಂದು.

ಬುಧವಾರವನ್ನು ಒತ್ತಕ್ಷರ ಕೊಟ್ಟು ‘ಬುದ್ಧವಾರ’ ಎಂದು ಕೆತ್ತಿರುವುದನ್ನು ನಾನು ಬೇರೆ ಕಲ್ಲುಗಳಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಮೇಲಿನ ಸಾಲಿನ ‘ಶುದ್ಧ’ ಬುದ್ಧನ ವಿಶೇಷಣವಲ್ಲ, ಶುಕ್ಲಪಕ್ಷ. ಮಾಸ, ಪಕ್ಷ, ತಿಥಿ, ಆಮೇಲೆ ವಾರ. ಮದುವೆ ಕಾಗದ ಓದಬಲ್ಲ ಯಾವನಿಗಾದರೂ ಈ ಕ್ರಮ ಗೊತ್ತು. ನಾನು ಒಂದು ಬುಧವಾರವನ್ನು ಎತ್ತಿ ನಿಲ್ಲಿಸಿ, ಗೋಡೆ ಕಟ್ಟಿ, ಅದರಲ್ಲಿ ಭಿಕ್ಷುಗಳನ್ನು ಕೂರಿಸಿದ್ದೆ.

ಶಾಲು ಹಿಡಿದವರು ಹಿಡಿದೇ ಇದ್ದರು. ಹಿರಿಯರು ಕುಳಿಯಲ್ಲಿ ಬೋರ್ಡಿನ ಕಂಬ ಇಳಿಸಿ ನೋಡುತ್ತಿದ್ದರು. ಅಲ್ಲಿದ್ದ ಯಾರಿಗೂ ಹಳೆಯ ಲಿಪಿ ಬಾರದು. ಗುಬುಟೆಗೆ ಇನ್ನೊಂದಿಷ್ಟು ಮಸಿ ತಾಗಿಸಿ ಆ ಜಾಗದಲ್ಲಿ ನಾಲ್ಕು ಸಲ ಗಟ್ಟಿಯಾಗಿ ಒತ್ತಿದರೆ ಮಸಿ ತಗ್ಗಿಗೂ ಇಳಿದು, ‘ವಾ’ ಮತ್ತು ಅದರ ಸುತ್ತಮುತ್ತ ಒಂದು ಕಪ್ಪು ಮುದ್ದೆ ಆಗುತ್ತಿತ್ತು. ಅನುಭವಿಗಳ ಕೈಯಲ್ಲೂ ಆಗುವ ತಪ್ಪು ಅದು. ಯಾರೂ ಕೇಳುತ್ತಿರಲಿಲ್ಲ. ಸಿಸ್ಟರ್ ವರ್ಷಕ್ಕೊಮ್ಮೆ ಬಂದು ಕೈಮುಗಿದು ಹೋಗುತ್ತಿದ್ದರು. ನಾನು ಮೇಷ್ಟ್ರಾಗಿಯೇ ಇರುತ್ತಿದ್ದೆ.

ನಿಜ ಹೇಳಬೇಕೆಂದರೆ ಗುಬುಟೆಯನ್ನು ಮಸಿಯ ತಟ್ಟೆಯಲ್ಲಿ ಅದ್ದಿಯೂ ಆಗಿತ್ತು. ಅದ್ದಿದ್ದು ಹೆಚ್ಚಾಗಿ ಒಂದು ಹನಿ ನನ್ನ ಪಂಚೆಯ ಮೇಲೆ ಬಿತ್ತು. ಶಾಲು ಹಿಡಿದಿದ್ದ ಸಿಸ್ಟರ್ ಬಗ್ಗಿ, “ದಣಿದೀರಿ ಕಾಣ್ತದ್ರಿ ಸರ. ಕುಂಡ್ರಿ, ನೀರು ಕುಡೀರಿ. ನಮಗೇನು ಗಡಿಬಿಡಿ ಇಲ್ಲ” ಎಂದರು. ಆ ಮಾತಿನ ಮೇಲೆ ಗುಬುಟೆಯನ್ನು ಕೆಳಗಿಟ್ಟೆ.

ಇಪ್ಪತ್ತು ವರ್ಷದಲ್ಲಿ ಕೇಳದಿದ್ದ ಪ್ರಶ್ನೆಯನ್ನು ಆಗ ಅಮ್ಮನಿಗೆ ಕೇಳಿದೆ. “ಅಮ್ಮಾ, ಇದಕ್ಕೆ ಬುದಾರದ ಕಲ್ಲು ಅಂತ ಯಾಕೆ ಹೇಳ್ತೀರಿ?”

“ಬುದಾರ ಬುದಾರ ಇಲ್ಲಿ ಒಂದು ಕೊಡಪಾನ ನೀರು ಇಡ್ತೀವಲ್ಲ, ಅದ್ಕೆ. ನಮ್ಮತ್ತೆ ಇಡ್ತಿದ್ರು. ಅವ್ರ ಅತ್ತೆನೂ ಇಡ್ತಿದ್ರಂತೆ.”

“ಬುದಾರ ಅಂದ್ರೆ?”

ಅಮ್ಮ ನನ್ನ ಮುಖ ನೋಡಿದರು. “ಬುದಾರ ಅಂದ್ರೆ ಬುದಾರನೆ. ಸ್ವಾಮಾರ, ಮಂಗ್ಳಾರ, ಬುದಾರ. ಮೇಷ್ಟ್ರಿಗೆ ವಾರ ಗೊತ್ತಿಲ್ವಾ?”

ಡ್ರೈವರ್ ನಗು ತಡೆಯಲಾರದೆ ಗಾಡಿಯ ಹಿಂದಕ್ಕೆ ಹೋದ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಇದು ವಿಹಾರವಲ್ಲ, ಬುಧವಾರ. ನಾನು ತಪ್ಪು ಓದಿದ್ದೆ, ತಪ್ಪು ಬರೆದಿದ್ದೆ, ನಿಮ್ಮನ್ನು ಇಷ್ಟು ದೂರ ಕರೆಸಿಕೊಂಡೆ. ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ತೋರಿಸಿದೆ. ಹೊಸದಾಗಿ ಕಂಡ ಆರು, ಏಳು, ಎಂಟನೆಯ ಸಾಲುಗಳನ್ನೂ, ಮಸಿ ತಾಗದ ಕಡೆ ಕಾಗದದ ತಗ್ಗು ನೋಡಿಕೊಂಡು, ಓದಿದೆ. ಆ ಬುಧವಾರದ ದಿನ ಯಾರೋ ಒಬ್ಬರು ದಾರಿಯಲ್ಲಿ ಹೋಗುವವರಿಗೆ ನೀರು ಕೊಡುವ ಅರವಟ್ಟಿಗೆಗೆ ಈ ಗದ್ದೆಯನ್ನು ಬಿಟ್ಟಿದ್ದರು. ಕೊಟ್ಟವರ ಹೆಸರು ಸವೆದುಹೋಗಿತ್ತು. ಆ ಜಾಗಕ್ಕೆ ನಾನು ಏನನ್ನೂ ತುಂಬಲಿಲ್ಲ.

ಮೊದಲು ಮಾತಾಡಿದ್ದು ಅಮ್ಮ. “ಹಂಗಾದ್ರೆ ನಾವಿಡೋ ನೀರು ದೇವ್ರಿಗಲ್ವಾ?”

“ದಾರಿಹೋಕರಿಗೆ.”

“ಅದ್ಕೇ ಇರ್ಬೇಕು. ದನ ಬಂದು ಕುಡಿದ್ರೂ ಅತ್ತೆ ಬೈತಿರ್ಲಿಲ್ಲ.”

ಸಿಸ್ಟರ್ ಶಾಲನ್ನು ಇನ್ನೊಬ್ಬರ ಕೈಗೆ ಕೊಟ್ಟು ನನ್ನೆದುರು ಕುಕ್ಕರಗಾಲಲ್ಲಿ ಕೂತರು. ಪರ್ಸಿನಿಂದ ನನ್ನ ಲೇಖನದ ಪ್ರಿಂಟ್ ತೆಗೆದು ಕಂಸದ ಮೇಲೆ ಬೆರಳಿಟ್ಟರು.

“ಈ ‘ಹಾ’ ಕಲ್ಲಿಂದಲ್ಲ?”

“ಅಲ್ಲ.”

“ನಿಮ್ದು.”

“ನಂದು.”

ಅವರು ಪ್ರಿಂಟನ್ನು ಮಡಿಸಿ ಮತ್ತೆ ಪರ್ಸಿಗೆ ಹಾಕಿದರು. ಕುಳಿಯ ಬಳಿಯಿದ್ದ ಹಿರಿಯರಿಗೆ ತಡೆಯಲಾಗಲಿಲ್ಲ. “ಇಷ್ಟು ದೂರ ಬಂದೀವಿ ಸಿಸ್ಟರ್. ಬೋರ್ಡು ಬರೆಸೀವಿ. ಹಾಕಿ ಹೋಗೂಣು. ಈ ಅಡವ್ಯಾಗ ಯಾರು ಓದಿ ನೋಡ್ತಾರ?”

“ನಾವ ಓದಿ ನೋಡ್ತೀವಲ್ರಿ ಅಣ್ಣಾ, ಪ್ರತಿ ವರ್ಷ” ಎಂದರು ಸಿಸ್ಟರ್. ಆಮೇಲೆ ನನ್ನ ಕಡೆ ತಿರುಗಿ, “ಲ್ಯಾಬಿನಾಗ ರಿಪೋರ್ಟ್ ತಪ್ಪು ಬಂದಿತ್ತಂದ್ರ ಪೇಷಂಟಿಗೆ ಹೋಗಿ ಹೇಳಬೇಕ್ರಿ. ಭಾಳ ಮಂದಿ ಹೇಳಂಗಿಲ್ಲ, ಫೈಲಿನಾಗ ಮುಚ್ಚಿ ಇಡ್ತಾರ. ನೀವು ಹೇಳಿದ್ರಿ. ನನಗ ಸಿಟ್ಟು ಬಂದದ, ಇಲ್ಲ ಅನ್ನಂಗಿಲ್ಲ. ಊರು ಮುಟ್ಟೂತನಾ ಇರ್ತದ. ಆದ್ರ ಸುಳ್ಳು ಹೇಳಿ ಹಳಬರಾಗೂದು ನಮಗ ಬ್ಯಾಡ್ರಿ.”

ನನ್ನ ಕೆಲಸದ ಬಗ್ಗೆ ಮೆಚ್ಚುಗೆಯ ಮಾತುಗಳನ್ನು ಅಲ್ಲಲ್ಲಿ ಕೇಳಿದ್ದೇನೆ. ಶಾಲು ಕೂಡ ಹೊದಿಸಿದ್ದಾರೆ. ಸಿಟ್ಟು ಬಂದಿದೆ ಎಂದು ನೆಟ್ಟಗೆ ಹೇಳಿ, ಆಮೇಲೆ “ಉಳಿದದ್ದು ಮಸಿ ಒತ್ರಿ, ಕಾಗದ ಒಣಗ್ತದ” ಎಂದು ಮತ್ತೆ ಶಾಲು ಹಿಡಿದು ನಿಂತವರು ಅವರೊಬ್ಬರೇ. ಮಸಿ ಒತ್ತಿ ಮುಗಿಸಿದೆ. ಇಪ್ಪತ್ತು ನಿಮಿಷದ ಮೇಲೆ ಅಂಚು ಹಿಡಿದು ಎಳೆದಾಗ ಹಾಳೆ ಇಡಿಯಾಗಿ ಬಂತು. ಅಷ್ಟು ಶುದ್ಧವಾದ ಪಡಿಯಚ್ಚು ನನ್ನ ಕೈಯಿಂದ ಬಹಳ ವರ್ಷದಿಂದ ಆಗಿರಲಿಲ್ಲ.

ಬೋರ್ಡನ್ನು ಮತ್ತೆ ಪೇಪರಿನಲ್ಲಿ ಸುತ್ತಿದರು. ಸಿಸ್ಟರ್ ಕುಂಡವನ್ನೂ ಎತ್ತಿಕೊಂಡು ಗಾಡಿಯ ಕಡೆ ನಡೆದರು. ಅಮ್ಮ ಹಿಂದೆ ಬಂದು ಅಡ್ಡ ನಿಂತರು.

“ಅದನ್ನ ಎಲ್ಲಿಗೆ ತಗೊಂಡು ಹೊಂಟ್ರಿ?”

“ವಿಹಾರನೇ ಇಲ್ಲಲ್ರಿ ಅಮ್ಮಾ. ಮ್ಯಾಲ ನಿಮ್ಮ ಗದ್ದಿಗೆ ಬೇರು ಬ್ಯಾರೆ.”

“ಗದ್ದೆಗೆ ಬೇಡ ಅಂದೆ, ಗಿಡ ಬೇಡ ಅಂದ್ನಾ? ರಸ್ತೆ ಆಚೆ ಬಸ್ ನಿಲ್ಲೋ ಜಾಗನೂ ನಮ್ದೆ. ಒಂದು ನೆರಳಿಲ್ಲ ಅಲ್ಲಿ, ಜನ ಒಣಗಿ ಹೋಗ್ತಾರೆ. ತೊಡೆ ಮೇಲೆ ಕೂರಿಸ್ಕೊಂಡು ಬಂದದ್ದನ್ನ ಮತ್ತೆ ತೊಡೆ ಮೇಲೆ ಕೂರಿಸ್ಕೊಂಡು ಹೋಗೋದು ಎಂತಕ್ಕೆ? ಬನ್ನಿ.”

ಇಬ್ಬರೂ ಸೇರಿ ಜಾಗ ಆರಿಸಿದರು. ನಮ್ಮ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಹಿರಿಯರು ಹೊಸ ಕುಳಿ ತೋಡಿದರು. ಸಿಸ್ಟರ್ ಮತ್ತು ಜೊತೆಯವರು ತಮ್ಮ ಬುದ್ಧವಂದನೆಯನ್ನು ಹೇಳಿಕೊಂಡರು. ಅಮ್ಮ ಕೊಡಪಾನದಲ್ಲಿ ನೀರು ತಂದು ಹೊಯ್ದು, ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಚುಚ್ಚಿದರು. ಡ್ರೈವರ್ ಮಾತ್ರ ನನ್ನ ಕಿವಿಯಲ್ಲಿ, “ಶುಕ್ರವಾರದ ಕಲ್ಲು ಯಾವ್ದಾದ್ರೂ ಉಂಟಾ ಮೇಷ್ಟ್ರೆ? ಅದ್ರಲ್ಲಿ ಎಂತ ಕಟ್ಟಿದ್ದೀರಿ?” ಎಂದ.

ಸಂಜೆ ತೀರ್ಥಹಳ್ಳಿಗೆ ಬಂದೆವು. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. ತುಂಗೆಯ ದಂಡೆಯ ಬಂಡೆಗಳ ಮೇಲೆ ಕೂತು ನಾನು ಪಡಿಯಚ್ಚಿನ ಹಿಂಬದಿಗೆ ಪೆನ್ಸಿಲಿನಲ್ಲಿ ಎಂಟು ಸಾಲಿನ ಪಾಠ ಬರೆದೆ. ಎರಡು ಕಡೆ ಅಕ್ಷರ ಹೋಗಿದೆ; ಅಲ್ಲಿ ಚುಕ್ಕಿಗಳನ್ನಿಟ್ಟೆ. ಸಿಸ್ಟರ್ ಕಾಲನ್ನು ನೀರಿಗೆ ಬಿಟ್ಟು, ನಾನು ಬರೆಯುವುದನ್ನೇ ನೋಡುತ್ತಿದ್ದರು.

“ಸರ, ಒಂದು ಕೇಳ್ತೀನಿ. ಬಳ್ಳಿಗಾವಿದು ಖರೇ ಅದನೋ, ಅದೂ ಬುಧವಾರನೋ?”

“ಅದು ಖರೆ” ಎಂದೆ. “ಅದನ್ನು ಓದಿದವರು ಬೇರೆಯವರು.”

ಅವರು ಆ ದಿನ ಮೊದಲ ಸಲ ಬಾಯಿತುಂಬ ನಕ್ಕರು. “ಹಂಗಿದ್ರ ಮುಂದಿನ ವರ್ಷ ಅಲ್ಲಿಗೆ. ನೀವೂ ಬರ್ಬೇಕು. ಓದಾಕಲ್ಲ, ಸುಮ್ಮ ಜೊತಿಗೆ.”

ಆಗಬಹುದು ಎಂದೆ. ಇನ್ನೂ ಏನೋ ಹೇಳಬೇಕೆಂದಿದ್ದೆ, ಕೃತಜ್ಞತೆಯ ಮಾತು. ಅದಕ್ಕೊಂದು ಪೀಠಿಕೆ ಯೋಚಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು.

ಆಮೇಲಿನ ಎರಡು ತಿಂಗಳು ಆ ಸ್ಮರಣ ಸಂಚಿಕೆಯ ಪ್ರತಿಗಳನ್ನು ಹುಡುಕಿದೆ. ಗ್ರಂಥಾಲಯಗಳಲ್ಲಿ, ಪರಿಚಯದವರ ಅಟ್ಟಗಳಲ್ಲಿ ಒಟ್ಟು ಏಳು ಸಿಕ್ಕವು. ಏಳರಲ್ಲೂ ನನ್ನ ಲೇಖನದ ಮೊದಲ ಪುಟಕ್ಕೆ ತಿದ್ದುಪಡಿ ಚೀಟಿ ಅಂಟಿಸಿದ್ದೇನೆ. ಗಿಡ ಚಿಗುರಿದೆ. ಬೋರ್ಡು ಹಾಕಿಲ್ಲ.